ಎಲ್ಲರಿಗೂ ಪರವಾನಗಿ

ಇಚಲಕರಂಜಿಯ ಮಗ್ಗದ ಕಾರ್ಖಾನೆಯ ಬಾಳಗೊಂಡನಿಗೆ ಬೆಳಿಗ್ಗೆ ಎಂಟಕ್ಕೇ ಸಿಟ್ಟು ನೆತ್ತಿಗೇರಿತ್ತು. ಆದರೆ ಅಂದು ಕ್ಷಮಾವಣಿ. ಜೈನರು ಮನೆಮನೆಗೆ ಹೋಗಿ ಕ್ಷಮೆ ಕೇಳುವ, ಕೇಳಿದವರನ್ನು ಕ್ಷಮಿಸುವ ದಿನ. ಬಸದಿಯಿಂದ ಬಂದವನು ನಾಲಿಗೆಯನ್ನು ಹಲ್ಲಿನ ಹಿಂದೆ ಕಟ್ಟಿಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದ.

ಕಾರಣ ಒಂದು ಸೀರೆಯ ಅಂಚು. ಹೆಂಡತಿ ರತ್ನಮಾಲಾ ತೀರಿಕೊಳ್ಳುವ ಮುಂಚೆ ಹಾಸಿಗೆಯಲ್ಲೇ ಕೂತು ಬರೆದ ಕೊನೆಯ ಅಂಚು. ಅದು ಮಗ್ಗಕ್ಕೇರಿದ್ದನ್ನು ನೋಡಬೇಕೆಂಬುದೊಂದೇ ಅವನ ಆಸೆ. ಕೊಲ್ಹಾಪುರದ ವ್ಯಾಪಾರಿ ಜಿನೇಶ ಈ ಹಂಗಾಮಿಗೆ ಒಂದೇ ಅಂಚು ಆರಿಸುವವನಿದ್ದ; ಸಂಜೆ ಐದು ಗಡುವು. ಯಾರದೋ ಪೆನ್‌ಡ್ರೈವಿನಿಂದ ವೈರಸ್ ಹತ್ತಿಸಿಕೊಂಡ ಮೇಲೆ ಅವನು ತಪಾಸಣೆಯ ವರದಿ ಇಲ್ಲದ ಡಿಸೈನನ್ನು ಮುಟ್ಟುತ್ತಿರಲಿಲ್ಲ.

ತಂಗಿಯ ಮಗ ಅತುಲ ಕಂಪ್ಯೂಟರಿಗೆ ಹಾಕಿಕೊಟ್ಟ ಲಿನಕ್ಸಿನಲ್ಲಿ ಬಾಳಗೊಂಡ ಅಂಚಿನ ಫೋಲ್ಡರಿನ ಮೇಲೆ ಆಂಟಿವೈರಸ್ ಓಡಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ವರದಿ ಬಂತು: ವೈರಸ್ ಸೊನ್ನೆ. ಅದನ್ನು ಕಳಿಸಿದ. ಜಿನೇಶ ಫೋನ್ ಮಾಡಿ ಮೇಲಿನ ಸಾಲನ್ನೂ ಓದಲು ಹೇಳಿದ. ನೋಡಿದ ಕಡತಗಳು: ಸೊನ್ನೆ. ಹೊಸಿಲು ದಾಟದೆ ಹೊರಗಿನಿಂದಲೇ ‘ಎಲ್ಲರೂ ಆರೋಗ್ಯ’ ಎಂದು ಬರೆದುಕೊಂಡು ಹೋದ ಗಣತಿಯವನ ಹಾಗಾಗಿತ್ತು.

ಗಡಹಿಂಗ್ಲಜದಲ್ಲಿದ್ದ ಅತುಲನಿಗೆ ಫೋನ್ ಹೋಯಿತು.

“ಮಾಮಾ, ಸಿಟ್ಟಿಗೇಳಬ್ಯಾಡ್ರಿ. ಆಂಟಿವೈರಸ್ ಬ್ಯಾರೆ ಹೆಸರಿನ ಮ್ಯಾಲೆ ಓಡತೈತಿ. ನಿಮ್ಮ ಫೋಲ್ಡರಿಗೆ ಕೀಲಿ ಐತಿ, ಅದಕ್ಕ ಒಳಗ ಹೋಗಾಕ ಆಗಂಗಿಲ್ಲ. ಅದಕ್ಕೊಂದಕ್ಕ ಪರವಾನಗಿ ಕೊಡ್ರಿ, ಸಾಕು.”

“ನಾ ಎಲ್ಲಿ ಸಿಟ್ಟಿಗೆದ್ದೇನಿ?” ಎಂದು ಬಾಳಗೊಂಡ ಕೇಳಿದ್ದು ಪಕ್ಕದ ಓಣಿಗೂ ಕೇಳಿಸಿತು.

ಅತುಲ ಹೇಳಿದ ಸಾಲನ್ನು ಎರಡು ಸಲ ತಪ್ಪಾಗಿ ಬರೆದ. ಮೂರನೆಯ ಸಲ ಮುಗಿಯುವಷ್ಟರಲ್ಲಿ ಮೇಲಿನ ಮನೆಯ ಯಮುನವ್ವ ಕ್ಷಮೆ ಕೇಳಲು ಬಂದಳು. ಸೆಕೆಯೆಂದು ಫ್ಯಾನ್ ಹಚ್ಚಲು ಹೋಗಿ ಕಂಪ್ಯೂಟರಿನ ಪ್ಲಗ್ಗು ಕಿತ್ತಳು. ಕೂಡಲೇ ಅದಕ್ಕೂ ಸೇರಿಸಿ ಕ್ಷಮೆ ಕೇಳಿದಳು. ಬಾಳಗೊಂಡ ಎರಡನ್ನೂ ಕ್ಷಮಿಸಿ ಗೋಡೆಗೊಮ್ಮೆ ಗುದ್ದಿದ.

ಆಮೇಲೆ ಬಂದವನು ಪಕ್ಕದ ಕಾರ್ಖಾನೆಯ ಧರಣೇಂದ್ರ. ಹಿಂದೆ ಪಾಲುದಾರ, ಆರು ವರ್ಷದಿಂದ ಮಾತಿಲ್ಲ. ಪಾಲು ಒಡೆದರೂ ಎರಡು ಕಾರ್ಖಾನೆಗಳ ಕಂಪ್ಯೂಟರುಗಳು ಇನ್ನೂ ಒಂದೇ ನೆಟ್‌ವರ್ಕಿನ ತಂತಿಯಲ್ಲಿದ್ದವು. ಫೋಲ್ಡರಿಗೆ ಕೀಲಿ ಬಿದ್ದದ್ದೇ ಇವನ ದೆಸೆಯಿಂದ. ಇಂದು ಕೈಮುಗಿದು ನಿಂತಿದ್ದ. ಕ್ಷಮಿಸದೆ ಗತಿಯಿರಲಿಲ್ಲ. ಧರಣೇಂದ್ರ ಕುರ್ಚಿ ಎಳೆದುಕೊಂಡು ಪರದೆ ನೋಡಿದ.

“ಒಂದೊಂದಕ್ಕ ಯಾಕ ಹುಡುಕತಿಯೋ? ಎಲ್ಲಾರಿಗೂ ಅಂತ ಕೊಟ್ಟಬಿಡು. ಇವತ್ತಿನ ದಿನಾನೂ ಕೀಲಿ ಹಾಕ್ಕೊಂಡು ಕುಂದರತಿ?”

ಬೇಡವೆಂದರೆ ಕ್ಷಮಿಸಿದ್ದು ಸುಳ್ಳಾಗುತ್ತದೆ. ಬಾಳಗೊಂಡ ಹಲ್ಲು ಕಚ್ಚಿ ಎಲ್ಲರಿಗೂ ಪರವಾನಗಿ ಕೊಟ್ಟ. ನೋಡಿದ ಕಡತ ಒಂದು, ವೈರಸ್ ಸೊನ್ನೆ. ವರದಿ ಅದೇ ಫೋಲ್ಡರಿನಲ್ಲಿ ಬಂದು ಕೂತಿತು. ಧರಣೇಂದ್ರ ಬೆನ್ನು ತಟ್ಟಿ ಮನೆಗೆ ಹೋದ.

ರತ್ನಮಾಲಾಳ ಅಂಚನ್ನು ಮೇಲ್‌ನಲ್ಲಿ ಕಳಿಸಲು ಮನಸ್ಸಾಗದೆ ಬಾಳಗೊಂಡ ಪೆನ್‌ಡ್ರೈವನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಬಸ್ ಹತ್ತಿದ. ಹಾತಕಣಂಗಲೆಯ ಹತ್ತಿರ ಬಸ್ಸು ಕೆಟ್ಟು ನಿಂತಿತು. ಕ್ಷಮೆ ಕೇಳದ ಕಂಡಕ್ಟರನನ್ನೂ ಕ್ಷಮಿಸಿ ಬೇರೆ ಬಸ್ಸಿನಲ್ಲಿ ನೇತಾಡಿಕೊಂಡು ನಾಲ್ಕೂವರೆಗೆ ಕೊಲ್ಹಾಪುರ ಮುಟ್ಟಿದ.

ಜಿನೇಶ ಅಂಚನ್ನು ನೋಡಿದ. ವರದಿಯನ್ನು ನೋಡಿದ. ಮುಖ ಬಿಗಿದುಕೊಂಡು ತನ್ನ ಪರದೆಯನ್ನು ತಿರುಗಿಸಿದ. ಅದೇ ಅಂಚು, ಅದೇ ವರದಿ. ಮಧ್ಯಾಹ್ನ ಎರಡಕ್ಕೇ ಧರಣೇಂದ್ರ ಮೇಲ್ ಮಾಡಿದ್ದ; ಆರಿಸಿಯೂ ಆಗಿತ್ತು.

“ಅದು ನನ್ನ ಹೆಂಡತಿ ಬರದದ್ದು,” ಎಂದ ಬಾಳಗೊಂಡ.

“ಮೊದಲು ಕಳಿಸಿದವರು ಅವರು. ಹಿರ್ಯಾರು ನೀವು, ಮಂದಿ ಡಿಸೈನ್ ಎತ್ತಿಕೊಂಡು ಬರಬಾರದಿತ್ತು. ಇರಲಿ, ಇವತ್ತ ಕ್ಷಮಾವಣಿ. ನಾನ ಫೋನ್ ಹಚ್ಚಿ ಕೊಡತೇನಿ, ಧರಣೇಂದ್ರಣ್ಣಾರಿಗೆ ಒಂದ ಮಾತು ಕ್ಷಮಾ ಕೇಳ್ರಿ.”

ಜಿನೇಶ ಎಲ್ಲವನ್ನೂ ವಿವರಿಸಿ ಫೋನನ್ನು ಬಾಳಗೊಂಡನ ಕಿವಿಗೆ ಹಿಡಿದ. ಆ ಕಡೆಯ ದನಿ ಬಹಳ ಮೆತ್ತಗಿತ್ತು.

“ಬಾಳಗೊಂಡಾ, ನೀ ಕೇಳೂದೂ ಬ್ಯಾಡ. ನಾ ಆಗಲೇ ಕ್ಷಮಿಸೇನಿ.”