ಅಂಕೋರಿಗೆ ಗೈಡ್ ಯಾಕೆ, ನಾನಿಲ್ಲವಾ?

ಇನ್ನು ಸುಮ್ಮನಿರಬೇಕು ಎಂದು ನಾನು ಮನಸ್ಸು ಮಾಡಿದ ದಿನವೇ ಯಾರಾದರೂ ಬಂದು "ಇದು ನಿಮ್ಮಿಂದ ಆಗುವ ಕೆಲಸ ಅಲ್ಲ" ಎನ್ನುತ್ತಾರೆ. ಅಲ್ಲಿಂದ ಮುಂದೆ ಆಗುವುದಕ್ಕೆಲ್ಲ ಅವರೇ ಹೊಣೆ. ಕುವೈತಿಗೆ ಮನೆಗೆಲಸಕ್ಕೆ ಬಂದ ನಾನು ರುಮೈಥಿಯಾದಲ್ಲಿ ಸ್ವಂತ ಟೈಲರಿಂಗ್ ಅಂಗಡಿ ಇಟ್ಟದ್ದು ಹೀಗೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷ್ ಪುಸ್ತಕ ಓದಲು ಕಲಿತದ್ದೂ ಹೀಗೆಯೇ. ಕಾಂಬೋಡಿಯಾದ ಅಂಕೋರ್ ದೇವಸ್ಥಾನ ನೋಡಿ ಬಂದ ಕತೆಯೂ ಬೇರೆಯಲ್ಲ.

೧. ಪಂಥ

ಬಕ್ರೀದ್ ರಜೆಗೆ ನಾವು ಏಳೆಂಟು ಮಂದಿ ಕನ್ನಡದವರು ಸೇರಿ ಅಂಕೋರಿಗೆ ಹೋಗುವುದೆಂದಾಯಿತು. ಮೈಸೂರು ಕಡೆಯ ಬ್ಯಾಂಕಿನ ಸಾಹೇಬರು, ಅವರ ಹೆಂಡತಿ, ಮಂಗಳೂರಿನ ನರ್ಸಮ್ಮ, ಹೀಗೆ. ಎಲ್ಲರೂ ಓದಿದವರು. ಸಾಹೇಬರ ಮನೆಯಲ್ಲಿ ಕಾಫಿ ಕುಡಿಯುತ್ತಾ ಗೈಡ್ ವಿಷಯ ಬಂತು.

"ಗೈಡ್ ಯಾಕೆ? ಆ ದೇವಸ್ಥಾನದ ಮೇಲೆ ಇಡೀ ಒಂದು ಪುಸ್ತಕ ಓದಿದ್ದೇನೆ. ನಾನು ಹೇಳುತ್ತೇನೆ" ಎಂದೆ.

ಸಾಹೇಬರು ನಕ್ಕರು. "ಅಕ್ಕಾವ್ರೇ, ಇತಿಹಾಸ ಅಂದ್ರೆ ಬ್ಲೌಸ್ ಅಲ್ಲ. ಟೇಪ್ ಹಿಡಿದು ಚಕ್ ಅಂತ ಕತ್ತರಿಸೋಕಾಗಲ್ಲ."

ನನಗೆ ಕಿವಿ ಬಿಸಿಯಾಯಿತು. "ಮೊದಲ ದಿನ ನಾನೇ ಗೈಡ್. ನಾನು ಸೋತರೆ, ನಿಮ್ಮ ಹೆಂಗಸರು ರಾಜ್ಯೋತ್ಸವಕ್ಕೆ ಹೊಲಿಯಲು ಕೊಟ್ಟ ಬ್ಲೌಸುಗಳೆಲ್ಲ ಪುಕ್ಕಟೆ. ಗೆದ್ದರೆ, ಎಲ್ಲರ ಎದುರು ನೀವು ನನ್ನನ್ನು ಟೀಚರ್ ಅಂತ ಕರೆಯಬೇಕು."

"ಅಷ್ಟೇನಾ?" ಎಂದರು ಸಾಹೇಬರು.

ಅವರಿಗೆ ಅಷ್ಟೇ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅದು ಎಷ್ಟು ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು?

ಒಂದು ಸಣ್ಣ ವಿಷಯ ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಆ ಪುಸ್ತಕ ನಾನು ಕುವೈತಿನ ರಾಯ್ ಎಂಬಲ್ಲಿ ಸೇರುವ ಶುಕ್ರವಾರದ ಸಂತೆಯಲ್ಲಿ ಹಳೇ ಕುಕ್ಕರುಗಳ ನಡುವೆ ಹುಡುಕಿ ತಂದದ್ದು. ಅದರ ಮೊದಲ ಇಪ್ಪತ್ತು ಪುಟ ಇರಲಿಲ್ಲ.

೨. ಕಫೀಲರ ಸಲಹೆ

ನನ್ನ ಅಂಗಡಿಯ ಲೈಸೆನ್ಸ್ ಇರುವುದು ಇಲ್ಲಿ ನನಗೆ ಜಾಮೀನು ನಿಂತಿರುವ ಕಫೀಲರ ಹೆಸರಲ್ಲಿ. ಒಳ್ಳೆಯ ಕುವೈತಿ ಮುದುಕರು. ಒಂದು ವಾರ ಅಂಗಡಿ ಮುಚ್ಚುತ್ತೇನೆಂದು ಹೇಳಲು ಹೋದೆ. ಅರ್ಧ ಅರಬಿ, ಅರ್ಧ ಹಿಂದಿಯಲ್ಲಿ ಮಾತಾಯಿತು.

"ಊರಿಗಾ?"

"ಅಲ್ಲ ಬಾಬಾ. ಬೇರೆ ದೇಶಕ್ಕೆ. ಹಳೇ ಕಟ್ಟಡ ನೋಡಲು."

"ಚೆನ್ನಾಗಿದೆಯಾ ಕಟ್ಟಡ?"

"ತುಂಬ ಕಡೆ ಬಿದ್ದುಹೋಗಿದೆ."

"ಕಟ್ಟಿದವರು ನಿನ್ನ ಸಂಬಂಧಿಕರಾ?"

"ಅಲ್ಲ. ಯಾವುದೋ ಕಾಲದ ರಾಜರು."

ಮುದುಕರು ತಸ್ಬಿ ಮಣಿ ಎಣಿಸುವುದನ್ನು ನಿಲ್ಲಿಸಿದರು. ನನ್ನ ಮುಖವನ್ನು ಮರುಕದಿಂದ ನೋಡಿದರು. "ಹೋದ ತಿಂಗಳು ನಮ್ಮ ಹಳೇ ಮನೆ ಕೆಡವಿಸಿದೆ. ಒಂದು ಮಾತು ಹೇಳಿದ್ದರೆ ನಿನಗಾಗಿ ನಾಲ್ಕು ದಿನ ಹಾಗೇ ಬಿಡುತ್ತಿದ್ದೆನಲ್ಲ!"

೩. ಹಿತ್ತಿಲ ಬಾಗಿಲು

ದೇವಸ್ಥಾನದ ಬಾಗಿಲು ಇರುವುದು ಪೂರ್ವಕ್ಕೆ. ಇದಕ್ಕೆ ಪುಸ್ತಕ ಬೇಕೇ? ಬೆಳಿಗ್ಗೆ ಟುಕ್‌ಟುಕ್‌ನವನಿಗೆ "ಈಸ್ಟ್ ಗೇಟ್" ಎಂದೆ. ಅವನು "ವೆಸ್ಟ್, ಮೇಡಂ, ವೆಸ್ಟ್" ಎಂದ. "ಈಸ್ಟ್!" ಎಂದೆ. ಅವನು ಹೆಗಲು ಕುಣಿಸಿ ಗಾಡಿ ತಿರುಗಿಸಿದ. ಹಿಂದಿನ ಗಾಡಿಯೂ ನಮ್ಮನ್ನೇ ಹಿಂಬಾಲಿಸಿತು.

ಕಾಡಿನ ನಡುವೆ ಕೆಂಪು ಮಣ್ಣಿನ ದಾರಿ. ನರಪಿಳ್ಳೆ ಇಲ್ಲ. ಎದುರಿಗೆ ಬಂದವನೊಬ್ಬನೇ, ಸೈಕಲಿನಲ್ಲಿ ಹುಲ್ಲು ಹೇರಿಕೊಂಡವನು. ಸಾಹೇಬರು ಅವನನ್ನು ನಿಲ್ಲಿಸಿ ಕೇಳಿ ತಿಳಿದುಕೊಂಡರು. ಜಗತ್ತಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ದೇವಸ್ಥಾನಗಳೂ ಇವೆ. ಇದು ಅಂಥದ್ದು. ನಾವು ನಿಂತದ್ದು ಹಿಂಬದಿಯಲ್ಲಿ. ಅದು ಆ ಇಪ್ಪತ್ತು ಪುಟಗಳಲ್ಲಿ ಇದ್ದಿರಬೇಕು.

"ಬ್ಲೌಸ್ ಪುಕ್ಕಟೆ!" ಎಂದು ಸಾಹೇಬರು ಹೆಂಡತಿಗೆ ಕೂಗಿ ಹೇಳಿದರು.

ನಾನು ಬಗ್ಗಲಿಲ್ಲ. "ಗೊತ್ತಿದ್ದೇ ಕರೆದುಕೊಂಡು ಬಂದದ್ದು. ಬಟ್ಟೆ ತೆಗೆದುಕೊಳ್ಳುವಾಗ ಒಳಗಿನ ಹೊಲಿಗೆ ತಿರುಗಿಸಿ ನೋಡುತ್ತೀರೋ ಇಲ್ಲವೋ?"

"ನೋಡ್ತೀವಿ" ಎಂದರು ಸಾಹೇಬರು. "ಆದ್ರೆ ಅದಕ್ಕೋಸ್ಕರ ಯಾರೂ ಅಂಗಡಿಗೆ ಹಿತ್ತಿಲಿಂದ ನುಗ್ಗಲ್ಲ."

೪. ಎರಡು ಬಣ್ಣದ ಕಾಲು

ಜನ ಸೇರುವ ಮೊದಲು ತುತ್ತತುದಿಯ ಗೋಪುರಕ್ಕೆ ಹೋಗೋಣ ಎಂದೆ. ಮೆಟ್ಟಿಲ ಬುಡದಲ್ಲಿ ಕಾವಲುಗಾರ ಸಾಹೇಬರನ್ನು ತಡೆದ. ಸಾಹೇಬರು ಚಡ್ಡಿಯಲ್ಲಿದ್ದರು. ಮೊಣಕಾಲು ಮುಚ್ಚದವರಿಗೆ ಮೇಲೆ ಪ್ರವೇಶವಿಲ್ಲ.

ಹೆಂಡತಿಯ ದುಪಟ್ಟಾ ಸುತ್ತಿಕೊಂಡರು. ಗಾಳಿಗೆ ಅದು ಹಾರಿ ಮೊಣಕಾಲು ಕಂಡಿತು. ಕಾವಲುಗಾರ ಮತ್ತೆ ಆಗದು ಎಂದು ತಲೆಯಾಡಿಸಿದ.

"ನೀವೆಲ್ಲ ಹೋಗಿ ಬನ್ನಿ" ಎಂದು ಸಾಹೇಬರು ಪೆಚ್ಚಾಗಿ ಕಲ್ಲಿನ ಮೇಲೆ ಕೂತರು.

ನನ್ನ ಚೀಲದಲ್ಲಿ ಸೂಜಿ, ದಾರ, ಟೇಪ್ ಇಲ್ಲದ ದಿನವಿಲ್ಲ. "ಏಳಿ" ಎಂದೆ. ಸಾಹೇಬರ ಹೆಂಡತಿಯ ಗಿಳಿಹಸಿರು ದುಪಟ್ಟಾ ಬಲಗಾಲಿಗೆ, ನರ್ಸಮ್ಮನ ಗುಲಾಬಿ ಹೂವಿನದು ಎಡಗಾಲಿಗೆ. ಚಡ್ಡಿಯ ಅಂಚಿಗೇ ಸೇರಿಸಿ ಉದ್ದುದ್ದ ಟಾಕು ಹೊಲಿಗೆ ಹಾಕಿದೆ.

"ಚುಚ್ಚೀತು ಅಕ್ಕಾವ್ರೇ!"

"ಅಲ್ಲಾಡಿದರೆ ಚುಚ್ಚುತ್ತದೆ. ಬ್ಲೌಸ್ ಬಗ್ಗೆ ಅವತ್ತು ಏನು ಅಂದಿರಿ ನೀವು?"

"ದೊಡ್ಡ ಕಲೆ ಅಂದೆ!"

ಹತ್ತು ನಿಮಿಷದಲ್ಲಿ ಪೈಜಾಮ ಸಿದ್ಧ. ಕಾವಲುಗಾರ ಸುತ್ತ ಒಂದು ಬಾರಿ ನಡೆದು ನೋಡಿ, ಸೆಲ್ಯೂಟ್ ಹೊಡೆದು ಬಿಟ್ಟ. ಮೇಲೆ ಗೋಡೆ ತುಂಬ ಕಲ್ಲಿನ ಅಪ್ಸರೆಯರು. ಎಂಥ ನೆರಿಗೆ, ಎಂಥ ಸೊಂಟಪಟ್ಟಿ! ಆದರೆ ಪ್ರವಾಸಿಗರ ಕ್ಯಾಮೆರಾಗಳು ಆ ದಿನ ಅಪ್ಸರೆಯರನ್ನು ಬಿಟ್ಟು ಸಾಹೇಬರ ಕಾಲಿಗೇ ತಿರುಗಿದವು.

೫. ಗೋಡೆ

ಕೆಳಗಿಳಿದ ಮೇಲೆ ಉಳಿದದ್ದು ನನ್ನ ನಿಜವಾದ ಪರೀಕ್ಷೆ. ಪೂರ್ವದ ಮೊಗಸಾಲೆಯಲ್ಲಿ ಉದ್ದಕ್ಕೂ ಸಮುದ್ರಮಥನ ಕೆತ್ತಿದ್ದಾರೆ. ಇಲ್ಲೂ ತಪ್ಪಿದರೆ ಬ್ಲೌಸು ಹೋಗಲಿ, ರುಮೈಥಿಯಾದಲ್ಲಿ ತಲೆ ಎತ್ತಿ ನಡೆಯುವ ಹಾಗಿರಲಿಲ್ಲ.

ಟೇಪನ್ನೇ ಕೋಲಿನ ಹಾಗೆ ಚಾಚಿ ಹಿಡಿದು ಶುರು ಮಾಡಿದೆ. ಈ ಕಡೆ ಅಸುರರು, ಆ ಕಡೆ ದೇವತೆಗಳು, ನಡುವೆ ವಿಷ್ಣು, ಹಗ್ಗಕ್ಕೆ ವಾಸುಕಿ, ಕಡೆದಾಗ ಮೊದಲು ಬಂದದ್ದು ವಿಷ. ಈ ಪುಟಗಳು ನನಗೆ ಬಾಯಿಪಾಠ. ನಮ್ಮವರು ಸದ್ದಿಲ್ಲದೆ ಕೇಳಿದರು. ಯಾವುದೋ ಊರಿನ ನಾಲ್ಕು ಬಿಳಿಯರೂ ಬಂದು ನಿಂತರು, ಒಂದಕ್ಷರ ಕನ್ನಡ ಬಾರದಿದ್ದರೂ.

ಸಾಹೇಬರು ವಾಸುಕಿಯ ಬಾಲದ ತುದಿ ತೋರಿಸಿದರು. "ಇಲ್ಲಿ ಕೋತಿ ಯಾಕಿದೆ?"

"ಹನುಮಂತ. ಪುಸ್ತಕದಲ್ಲಿ ಹಾಗೇ ಇದೆ."

"ಸಮುದ್ರಮಥನಕ್ಕೆ ಹನುಮಂತ ಎಲ್ಲಿಂದ ಬಂದ? ರಾಮಾಯಣ ಆಮೇಲೆ ಅಲ್ವೇನ್ರೀ?"

"ಎಳೆಯಲು ಜನ ಸಾಲದೆ ಮುಂಚೆಯೇ ಕರೆಸಿದ್ದಾರೆ! ನಿಮಗೇನು ಕಷ್ಟ?"

ನನ್ನ ಗಂಟಲು ಸ್ವಲ್ಪ ದೊಡ್ಡದು. ಸಮವಸ್ತ್ರದ ಅಧಿಕಾರಿಯೊಬ್ಬ ಓಡಿ ಬಂದ. "ಮೇಡಂ, ಗೈಡಾ? ಕಾರ್ಡ್ ತೋರಿಸಿ. ಕಾರ್ಡ್ ಇಲ್ಲದೆ ಗೈಡ್ ಕೆಲಸ ಮಾಡುವ ಹಾಗಿಲ್ಲ."

ಗೈಡ್ ಎಂದರೆ ದಂಡ. ಅಲ್ಲ ಎಂದರೆ ನನ್ನ ಬಾಯಿಂದಲೇ ಸೋಲು. ದಂಡ ಕಟ್ಟಿದರೂ ಸರಿ ಎಂದು "ಹೌದು" ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನರ್ಸಮ್ಮ ನಡುವೆ ನುಗ್ಗಿದಳು.

"ಗೈಡ್ ಅಲ್ಲ ಮಾರಾಯ್ರೆ, ನಮ್ಮ ಟೈಲರ್!" ಎಂದು ಶುರು ಮಾಡಿ, ಅವನಿಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲೂ ಹೇಳಿದಳು.

ಅವನು ನಂಬಲಿಲ್ಲ. "ಟೈಲರ್ ಮಾತನ್ನು ಇಷ್ಟು ಜನ ಕೈಕಟ್ಟಿ ಕೇಳುವುದು ಯಾಕೆ?"

"ನಮ್ಮೆಲ್ಲರ ಬ್ಲೌಸ್ ಇವರ ಹತ್ತಿರ ಇದೆ. ಮುಂದಿನ ತಿಂಗಳು ಹಬ್ಬ. ಕೇಳದೆ ಏನು ಮಾಡುವುದು? ಸಂಶಯ ಇದ್ದರೆ ಈ ಸಾಹೇಬರ ಕಾಲು ನೋಡಿ."

ಅಧಿಕಾರಿ ಸಾಹೇಬರ ಹಸಿರು ಕಾಲು ನೋಡಿದ. ಗುಲಾಬಿ ಕಾಲು ನೋಡಿದ. ಬಗ್ಗಿ ಹೊಲಿಗೆ ನೋಡಿದ. ಅವನ ಮುಖ ಮೆತ್ತಗಾಯಿತು. "ನನ್ನ ಹೆಂಡತಿಯೂ ಟೈಲರ್" ಎಂದ. ಎಂದವನು ಹೋಗಲಿಲ್ಲ. ನಮ್ಮವರ ಸಾಲಿನ ಕೊನೆಯಲ್ಲಿ ತಾನೂ ಕೈಕಟ್ಟಿ ನಿಂತ.

ನನಗೆ ಎಲ್ಲಿ ಬಿಟ್ಟೆನೆಂದು ಮರೆತಿತ್ತು. ಸಾಹೇಬರು ನನ್ನ ಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ವಿಷ ಬಂತಲ್ಲ, ಆಮೇಲೆ ಏನಾಯ್ತು ಟೀಚರ್?"

ನಾನು ಟೇಪ್ ಎತ್ತಿದೆ. ಗೋಡೆ ಮುಗಿಯಿತು. ನಾನು ಮುಗಿಸಲಿಲ್ಲ.