ಜೀನಿನ ಕೆಳಗೆ ಇಳಕಲ್ ಸೀರೆ

ಕುದುರೆಯ ಜೀನು ಜಾರುವುದಕ್ಕೆ ಮುಹೂರ್ತ ಬೇಕಿಲ್ಲ. ೨೦೧೭ರಲ್ಲಿ ಪರದೇಶದಲ್ಲಿ ಕಾಲೇಜು ಓದುತ್ತ, ಜಾರ್ಜ್‌ಟೌನ್ ಹತ್ತಿರದ ಕುದುರೆ ಲಾಯವೊಂದರಲ್ಲಿ ವೀಕೆಂಡ್ ಕೆಲಸ ಮಾಡುತ್ತಿದ್ದೆ. ಧಾರವಾಡದಲ್ಲಿ ಎಮ್ಮೆ ಮೇಯಿಸಿದ ಧೈರ್ಯದ ಮೇಲೆ ಅರ್ಜಿಯಲ್ಲಿ ‘ಪ್ರಾಣಿಗಳ ಅನುಭವವಿದೆ’ ಎಂದು ಬರೆದಿದ್ದೆ.

೧. ಹೊಟ್ಟೆ ಉಬ್ಬಿಸುವವಳು

ಮೊದಲ ದಿನ ಲಾಯದ ಒಡತಿ, ವಯಸ್ಸಾದ ಹೆಂಗಸು, ಬಿಳಿ ಹೆಣ್ಣು ಕುದುರೆಗೆ ಜೀನು ಹಾಕಲು ಹೇಳಿದಳು. ಹೊಟ್ಟೆಪಟ್ಟಿ ಬಿಗಿದು, ಜಂಬದಿಂದ ರಿಕಾಬಿಗೆ ಕಾಲಿಟ್ಟೆ. ಜೀನು ಗಿರಕ್ಕನೆ ತಿರುಗಿ ಕುದುರೆಯ ಹೊಟ್ಟೆಯಡಿ ಹೋಯಿತು. ನಾನೂ ಹೋದೆ.

ಪಟ್ಟಿ ಬಿಗಿಯುವಾಗ ಈಕೆ ಉಸಿರು ತುಂಬಿಕೊಂಡು ಹೊಟ್ಟೆ ಉಬ್ಬಿಸುತ್ತಾಳಂತೆ, ಆಮೇಲೆ ಸಡಿಲ ಬಿಡುತ್ತಾಳಂತೆ. ದರ್ಜಿ ಅಳತೆ ತೆಗೆಯುವಾಗ ನಾವು ಮಾಡುವುದರ ಉಲ್ಟಾ.

“ಪ್ರಾಣಿಗಳ ಅನುಭವ ಇದೆ ಅಂದಿದ್ದೆಯಲ್ಲ?” ಎಂದಳು ಒಡತಿ.

“ಎಮ್ಮೆ ಹೀಗೆ ಮೋಸ ಮಾಡಲ್ಲ,” ಎಂದೆ.

೨. ಕಾಕಾನ ಚೀಲ

ಮಗಳ ಮನೆಗೆ ಬಂದಿದ್ದ ಹುಬ್ಬಳ್ಳಿಯ ಹಿರಿಯರೊಬ್ಬರು ಕುದುರೆ ಹತ್ತಿದರು. ಬಗಲಲ್ಲಿ ಭಾರದ ಚೀಲ.

“ಕಾಕಾ, ಚೀಲ ಕೊಡ್ರಿ. ಒಂದ ಕಡೆ ಭಾರ ಬಿದ್ರ ಜೀನು ಜಾರ್ತೈತಿ.”

“ಚೀಲ ಬಿಟ್ಟು ನಾ ಎಲ್ಲೂ ಹೋಗಂಗಿಲ್ಲಪಾ.”

ಎರಡನೇ ಸುತ್ತಿಗೆ ಕಾಕಾ ನಿಧಾನವಾಗಿ ವಾಲಿ, ಮೆತ್ತನೆಯ ಮರಳಿನ ಮೇಲೆ ಕೂತರು. ನಾನು ಗಾಬರಿಯಾಗಿ ಓಡಿದೆ. “ಪೆಟ್ಟಾತೇನ್ರಿ?”

“ನನ್ನ ಬಿಡು,” ಎಂದರು, “ಶೇಂಗಾ ಚಟ್ನಿ ಡಬ್ಬಿ ಬಿಚ್ಚೇತೇನ್ ನೋಡು.”

೩. ಆಯೇರಿ

ಅವತ್ತೇ ಒಡತಿ, “ಇನ್ನೊಮ್ಮೆ ಜೀನು ಜಾರಿದರೆ ಬರಬೇಡ,” ಎಂದಳು. ವಾರವಿಡೀ ಬಾಡಿಗೆಯ ಬೇಸ್‌ಮೆಂಟಿನಲ್ಲಿರುವ ನನಗೆ ಆ ಲಾಯವೊಂದೇ ಬಯಲು.

ಮುಂದಿನ ಶನಿವಾರ ಓಕ್‌ವಿಲ್‌ನಲ್ಲಿ ಬೆಳಗಾವಿಯವರ ಮದುವೆ. ವರನ ಮೆರವಣಿಗೆಗೆ ನಮ್ಮ ಬಿಳಿ ಕುದುರೆ ಒಯ್ದಿದ್ದೆವು. ಒಡತಿ ಗಾಡಿ ನಿಲ್ಲಿಸಲು ಹೋಗಿದ್ದಳು. ವರನ ತಾಯಿ ಬಂದು, “ಕುದ್ರಿ ಗಂಡೋ ಹೆಣ್ಣೋ?” ಎಂದರು.

“ಹೆಣ್ರಿ, ಕಾಕು.”

“ಹಂಗಾದ್ರ ಆಯೇರಿ ಮಾಡ್ಬೇಕು. ನನ್ನ ಮಗನ್ನ ಹೊರಾಕಿ ಬರೇ ಮೈಲೆ ಹೋಗಬಾರ್ದು.”

ಮದುವೆಯಲ್ಲಿ ಬಂಧುಗಳಿಗೆ ಕೊಡುವ ಆ ಬಟ್ಟೆಯ ಉಡುಗೊರೆಗೆ ಬೇಡ ಅನ್ನುವ ಧೈರ್ಯ ನಮ್ಮ ಕಡೆಯವರಿಗಿಲ್ಲ. ಜೀನಿನಡಿಯ ದಪ್ಪ ಮೆತ್ತೆ ತೆಗೆದು, ಅವರು ಕೊಟ್ಟ ರೇಷ್ಮೆಯ ಇಳಕಲ್ ಸೀರೆ ಮಡಿಸಿ ಹಾಸಿ, ಮೇಲೆ ಜೀನು ಬಿಗಿದೆ.

ಡೊಳ್ಳು ಶುರುವಾಯಿತು. ಹತ್ತು ಹೆಜ್ಜೆಗೆ ರೇಷ್ಮೆಯ ಮೇಲೆ ಜೀನು ಜಾರಿ ವರ ಬಲಕ್ಕೆ ವಾಲಿದ. ನಾನು ಎಡಕ್ಕೆ ಹಾರಿ ಅವನ ಎಡಪಾದಕ್ಕೆ ಜೋತುಬಿದ್ದೆ.

ವಧುವಿನ ಸೋದರಮಾವ ನೋಡಿದರು. “ಅಳಿಯನ ಪಾದ ಹಿಡಿಯೂದು ನಮ್ಮ ಹಕ್ಕು. ನೀ ಯಾರಪಾ?”

“ಕುದ್ರಿ ಕಡಿಯಾಂವ್ರಿ.”

ನನ್ನನ್ನು ಸರಿಸಿ ತಾವೇ ಹಿಡಿದರು. ಇದನ್ನು ಕಂಡು ವರನ ಕಾಕಾನಿಗೆ ಸಿಟ್ಟು ಬಂತು. “ನಾವೇನು ಸತ್ತೀವೇನು?” ಎಂದು ಬಲಪಾದ ಹಿಡಿದರು. ಇಬ್ಬರೂ ಬಿಡದೆ ಜಗ್ಗಿದರು. ಜೀನು ತಕ್ಕಡಿಯ ಹಾಗೆ ಸಮನಾಗಿ ನಿಂತಿತು.

ಹಾಲ್‌ನ ಬಾಗಿಲಲ್ಲಿ ಒಡತಿ ನಿಂತಿದ್ದಳು. “ಇವರ್ಯಾಕೆ ಅವನ ಕಾಲು ಹಿಡಿದಿದ್ದಾರೆ?”

“ನಮ್ಮ ಪದ್ಧತಿ,” ಎಂದೆ.

ಜೀನನ್ನೊಮ್ಮೆ ನೋಡಿ, “ಒಳ್ಳೆಯ ಪದ್ಧತಿ. ಮುಂದಿನ ವಾರ ಬಾ,” ಎಂದಳು.

ಮುಂದಿನ ವಾರ ಪಂಜಾಬಿಗಳ ಮದುವೆ. ವರ ಹತ್ತಿದ ಕೂಡಲೇ ಒಡತಿ ಅವನ ಇಬ್ಬರು ಮಾವಂದಿರನ್ನು ಕರೆದು, ಒಬ್ಬೊಬ್ಬರ ಕೈಗೂ ಒಂದೊಂದು ಪಾದ ಕೊಟ್ಟು, “ಗಟ್ಟಿಯಾಗಿ ಹಿಡಿಯಿರಿ, ಇದು ನಿಮ್ಮ ಪದ್ಧತಿ,” ಎಂದಳು.