ಎರಡು ಮ್ಯಾಗ್ನೆಟೋ, ಒಬ್ಬರು ಮಾವ

ಸಣ್ಣ ವಿಮಾನದ ಮೆಕ್ಯಾನಿಕ್ ಆಗಿ ಗುಬ್ಬೀಲಿ ಸಂಸಾರ ಮಾಡ್ಕೊಂಡಿದ್ರೆ ಒಂದಲ್ಲ ಒಂದು ತಮಾಷೆ ನಡೀತಾನೇ ಇರುತ್ತೆ, ಹುಡುಕ್ಕೊಂಡು ಹೋಗೋದೇ ಬೇಡ. ಕೋರ ಅನ್ನೋ ಊರಿನ ಆಚೆ ಹೊಲಗಳ ಮಧ್ಯೆ ನಮ್ಮ ಫ್ಲೈಯಿಂಗ್ ಕ್ಲಬ್ಬು. ಇರೋದು ಒಂದೇ ವಿಮಾನ, ಹಾರೋದು ಕಲಿಸೋಕೆ ಒಬ್ಬರು ಕ್ಯಾಪ್ಟನ್ನು, ರಿಪೇರಿಗೆ ನಾನು. ಹೋದ ದಸರಾ ಟೈಮಲ್ಲಿ ಆ ಇಂಜಿನ್ನಿನ ಕಿಡಿ ನಮ್ಮೆಲ್ಲರನ್ನೂ ಆಟ ಆಡಿಸಿದ್ದನ್ನ ನೆನೆಸ್ಕೊಂಡ್ರೆ ಇವತ್ತಿಗೂ ನಗು ಬರುತ್ತೆ, ಮೈಯೂ ಜುಮ್ಮನ್ನುತ್ತೆ.

೧. ಅತ್ತೆಯ ಪರೀಕ್ಷೆ

ನೀನು ಮಾಡೋ ಕೆಲಸ ಏನಮ್ಮ ಅಂತ ಅತ್ತೆ ಒಂದಿನ ಸೊಪ್ಪು ಬಿಡಿಸ್ತಾ ಕೇಳಿದ್ರು. ಪೆಟ್ರೋಲ್ ಹೊತ್ತೋಕೆ ಕಿಡಿ ಬೇಕು, ಆ ಕಿಡಿ ಹುಟ್ಟಿಸೋದಕ್ಕೆ ಮ್ಯಾಗ್ನೆಟೋ ಅಂತಾರೆ ಅಂದೆ. ಒಳಗೆ ಅಯಸ್ಕಾಂತ ತಿರುಗ್ತಿದ್ರೆ ಸಾಕು, ಬ್ಯಾಟರಿ ಸತ್ತು ಮಲಗಿದ್ರೂ ಕಿಡಿ ಬರ್ತಾನೇ ಇರುತ್ತೆ. ಇಷ್ಟು ವರ್ಷ ಆದ್ರೂ ಅದನ್ನ ಹೇಳುವಾಗ ನಂಗೇ ಬೆರಗು. ಒಂದು ಕೈ ಕೊಟ್ರೆ ಇನ್ನೊಂದಿರ್ಲಿ ಅಂತ ಎರಡು ಇಟ್ಟಿರ್ತಾರೆ. ಹಾರೋ ಮುಂಚೆ ಒಂದೊಂದನ್ನೇ ಆಫ್ ಮಾಡಿ ನೋಡ್ಬೇಕು. ಇಂಜಿನ್ ಸ್ಪೀಡು ಒಂಚೂರು ಇಳೀಬೇಕು, ಜಾಸ್ತಿ ಇಳಿದ್ರೆ ಉಳಿದಿರೋದಕ್ಕೆ ಕಾಯಿಲೆ ಅಂತ ಅರ್ಥ.

ಅತ್ತೆ ರೂಮಿನ ಕಡೆ ಇಣುಕಿ, ಮಾವ ಕೇಳಿಸ್ಕೊಳ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡ್ರು.

"ನಿಮ್ಮ ಮಾವ ಕಾಶಿಗೆ ಹೋದಾಗ ನಾನೂ ನೋಡ್ದೆ ಕಣಮ್ಮ. ಮನೆ ಸ್ಪೀಡು ಒಂಚೂರೂ ಇಳೀಲಿಲ್ಲ."

೨. ತೀರ್ಥ

ಆಗ ನಮ್ಮಲ್ಲಿ ಕಲೀತಿದ್ದವಳು ಕುಣಿಗಲ್‌ನ ಪಾತ್ರೆ ಅಂಗಡಿಯವರ ಮಗಳು. ಆಯುಧ ಪೂಜೆಯ ಮಾರನೇ ದಿನ ಅವಳು ಮೊದಲ ಸಲ ಒಬ್ಬಳೇ ಹಾರ್ಬೇಕಿತ್ತು. ಇಂಜಿನ್ ಸ್ಟಾರ್ಟ್ ಮಾಡಿ ಎಡಗಡೆ ಮ್ಯಾಗ್ನೆಟೋ ಮೇಲೆ ಓಡಿಸಿದ್ರೆ ಸ್ಪೀಡು ದಬ್ಬನೆ ಬಿತ್ತು, ವಿಮಾನಕ್ಕೆ ಚಳಿಜ್ವರ ಬಂದಂಗೆ ನಡುಕ. ಹಾರಾಟ ಕ್ಯಾನ್ಸಲ್.

ನಾಲ್ಕು ಸಿಲಿಂಡರಿನಲ್ಲಿ ಯಾವುದಕ್ಕೆ ಕಿಡಿ ಬರ್ತಿಲ್ಲ ಅಂತ ನೋಡ್ಬೇಕಲ್ಲ. ಅದೇ ಮ್ಯಾಗ್ನೆಟೋ ಮೇಲೆ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದೆ. ಹೊಗೆ ಹೋಗೋ ಪೈಪುಗಳ ಮೇಲೆ ಒಂದೊಂದೇ ಹನಿ ನೀರು ಚಿಮುಕಿಸಿದೆ. ಮೂರು ಚುಂಯ್ ಅಂದ್ವು, ಒಂದು ತೆಪ್ಪಗಿತ್ತು. ಇದನ್ನ ಎಲ್ಲಿ ಕಲಿತ್ರಿ ಅಂತ ಕ್ಯಾಪ್ಟನ್ನು ಕಣ್ಣರಳಿಸಿದ್ರು. ದೋಸೆ ಕಾವಲಿ ಕಾದಿದ್ಯಾ ಅಂತ ಹೆಂಗೆ ನೋಡ್ತೀವಿ ಸಾರ್ ಅಂದೆ.

ಆ ಸಿಲಿಂಡರಿನ ವೈರು ಬಿಚ್ಚಿದ್ರೆ ತುದೀಲಿ ನೀರು. ಮಳೆ ಇಲ್ಲ, ಮೋಡ ಇಲ್ಲ, ಮೂಸಿದ್ರೆ ತೆಂಗಿನಕಾಯಿ ನೀರಿನ ವಾಸನೆ. ಕೇಳಿದ್ರೆ, ಹಿಂದಿನ ದಿನ ಪೂಜೇಲಿ ಕಾಯಿ ಒಡೆದು, ಒಳಗಿರೋ ಇಂಜಿನ್ನಿಗೂ ತಲುಪ್ಲಿ ಅಂತ ಗಾಳಿ ಕಿಂಡಿಯಿಂದ ಧಾರಾಳವಾಗಿ ತೀರ್ಥ ಬಿಟ್ಟಿದ್ದು ಕ್ಯಾಪ್ಟನ್ನೇ.

ಹಾಗಾದ್ರೆ ಬರೋ ವರ್ಷ ಪೂಜೆ ಬೇಡ್ವಾ ಅಂತ ಸಣ್ಣ ಮುಖ ಮಾಡ್ಕೊಂಡು ಕೇಳಿದ್ರು. "ಮಾಡಿ ಸಾರ್. ತೀರ್ಥ ಮಾತ್ರ ನೀವೇ ಕುಡೀರಿ."

೩. ಜಂಬೂ ಸವಾರಿ

ಮುಂದಿನ ವಾರ ಹುಡುಗಿಯ ಅಪ್ಪ ನೆಂಟರನ್ನೆಲ್ಲ ಟೆಂಪೋದಲ್ಲಿ ತುಂಬ್ಕೊಂಡು ಬಂದ್ರು. ವಿಮಾನದಲ್ಲಿ ಮಗಳು ಕೂತಿರೋ ವಿಡಿಯೋ ಬೇಕು, ನೆಲದ ಮೇಲೇ ಒಂದು ರೌಂಡ್ ಹೊಡೆಸಿ, ನಿಧಾನಕ್ಕೆ, ಇನ್ನೂ ನಿಧಾನಕ್ಕೆ ಅಂದ್ರು. ಕ್ಯಾಪ್ಟನ್ನು ದಾಕ್ಷಿಣ್ಯಕ್ಕೆ ಬಿದ್ದು ಅವಳ ಪಕ್ಕ ಕೂತು ಒಪ್ಪಿದ್ರು. ಹಿಂದಿನ ಸೀಟಲ್ಲಿ ದೊಡ್ಡಮ್ಮ ಕೂತಿದ್ದಾಯ್ತು, ಚಿಕ್ಕಪ್ಪ ಕೂತಿದ್ದಾಯ್ತು, ವಿಡಿಯೋದಲ್ಲಿ ಚಿಕ್ಕಪ್ಪ ಕಣ್ಣು ಮುಚ್ಚಿದ್ರು ಅಂತ ಇನ್ನೊಂದು ರೌಂಡು. ಇಂಜಿನ್ ಅಷ್ಟು ಹೊತ್ತು ಕುಂಟುತ್ತಾ ಓಡಿದ್ರೆ ಪೆಟ್ರೋಲ್ ಪೂರ್ತಿ ಉರಿಯಲ್ಲ, ಕಿಡಿ ಹಾರಿಸೋ ಪ್ಲಗ್ಗಿಗೆ ಮಸಿ ಕಟ್ಟುತ್ತೆ. ಪರೀಕ್ಷೆ ಮಾಡೋ ಹೊತ್ತಿಗೆ ಮತ್ತೆ ಸ್ಪೀಡು ಬಿತ್ತು. ಮತ್ತೆ ಕ್ಯಾನ್ಸಲ್.

ಅಪ್ಪನಿಗೆ ಅವಮಾನ ಆಯ್ತು. ಮುಂದಿನ ಸಲವೂ ಹಾರ್ದಿದ್ರೆ ಮುಗೀತು, ಅಂಗಡೀಲಿ ಕೂರ್ಲಿ ಅಂದ್ಬಿಟ್ರು. ಹುಡುಗಿ ತಲೆ ತಗ್ಗಿಸ್ಕೊಂಡು ನಿಂತ್ಳು. ಮಸಿ ಕಟ್ಟಿಸಿದ್ದು ನಿಮ್ಮ ವಿಡಿಯೋನೇ ಸ್ವಾಮಿ ಅಂತ ಪ್ಲಗ್ ಬಿಚ್ಚಿ ಅಪ್ಪನ ಕೈಗೇ ಇಟ್ಟೆ.

ಅವರು ಅದನ್ನ ತಿರುಗಿಸಿ ಮುರುಗಿಸಿ ನೋಡಿದ್ರು. "ಆದ್ರೂ ಮೇಡಂ, ವಿಡಿಯೋ ಚೆನ್ನಾಗಿ ಬಂದೈತೆ."

೪. ಇಳೀದ ಸ್ಪೀಡು

ಮೂರನೇ ಸಲ ನಮ್ಮ ಅತ್ತೆ ಮಾವನೂ ಬಂದ್ರು. ಸತ್ಯಮಂಗಲದ ಕಾರ್ಖಾನೇಲಿ ಕೆಲಸ ಮಾಡಿ ರಿಟೈರ್ ಆದ ಮಾವ ಮನೆಗೆ ಬೀಗ ಹಾಕಿ ನಾಲ್ಕು ಸಲ ಜಗ್ಗಿ ನೋಡೇ ಹೊರಟಿದ್ದು. ಹುಡುಗಿ ಒಬ್ಬಳೇ ವಿಮಾನ ತಗೊಂಡು ರನ್‌ವೇ ತುದಿಗೆ ಹೋದ್ಳು. ನೆಂಟರೆಲ್ಲ ಮೊಬೈಲ್ ಎತ್ತಿ ಹಿಡಿದ್ರು. ಆಗ ಕ್ಯಾಪ್ಟನ್ನಿನ ರೇಡಿಯೋದಲ್ಲಿ ಅವಳ ದನಿ.

"ಸಾರ್, ಬಲಗಡೇದು ಆಫ್ ಮಾಡಿದ್ರೂ ಸ್ಪೀಡು ಒಂಚೂರೂ ಇಳೀತಿಲ್ಲ. ವಾಪಸ್ ಬರ್ತಿದೀನಿ."

ಅಪ್ಪ ಹಣೆ ಚಚ್ಚಿಕೊಂಡ್ರು. ಇಳಿದ್ರೆ ಕಾಯಿಲೆ ಅಂದ್ರಿ, ಈಗ ಇಳೀದಿದ್ರೂ ಕಾಯಿಲೇನಾ, ಹೆದರ್ಕೊಂಡವ್ಳೆ ಬುಡಿ ಅಂದ್ರು. ಅವಳು ಬಂದು ಪೆಟ್ರೋಲ್ ಬಂದ್ ಮಾಡಿ ಇಂಜಿನ್ ನಿಲ್ಲಿಸಿದ್ದೇ ತಡ, ಇದಕ್ಕೆ ದೃಷ್ಟಿ ತಾಗೈತೆ ಅಂತ ಮಗಳಿಗೆ ತಂದಿದ್ದ ಹಾರ ಹಿಡ್ಕೊಂಡು ಪ್ರೊಪೆಲರ್ ಹತ್ರ ಹೋದ್ರು. ಅದು ಓರೆಯಾಗಿ ನಿಂತಿತ್ತು. ನೆಟ್ಟಗೆ ಮಾಡೋಣ ಅಂತ ಕೈ ಚಾಚಿದ್ರು. ನಾನು ಅತ್ತ ಓಡ್ದೆ.

"ಅಪ್ಪ, ಮುಟ್ಬೇಡಿ. ಅದು ಆಫ್ ಆಗಿಲ್ಲ," ಅಂದ್ಳು ಹುಡುಗಿ ಕಿಟಕಿಯಿಂದ. ಕೂಗ್ಲಿಲ್ಲ, ಆದ್ರೆ ಅಪ್ಪನ ಕೈ ಅಲ್ಲೇ ನಿಂತ್ಕೊಳ್ತು.

ಸ್ವಿಚ್ಚಿಂದ ಬಲಗಡೆ ಮ್ಯಾಗ್ನೆಟೋಗೆ ಹೋಗೋ ವೈರು ತುಂಡಾಗಿತ್ತು. ಆಫ್ ಆಗು ಅಂತ ಹೇಳೋದೇ ಆ ವೈರು, ಅದಿಲ್ದೆ ನಾವು ಆಫ್ ಮಾಡಿದ್ದು ಮ್ಯಾಗ್ನೆಟೋಗೆ ಗೊತ್ತೇ ಆಗಲ್ಲ, ಕಿಡಿ ಕೊಡ್ತಾನೇ ಇರುತ್ತೆ. ಒಳಗೆ ಒಂಚೂರು ಪೆಟ್ರೋಲ್ ಉಳಿದಿದ್ದು, ಪ್ರೊಪೆಲರ್ ಕೈಯಲ್ಲಿ ತಿರುಗಿಸಿದ್ರೆ ಸಾಕು, ಕಿಡಿ ಹಾರಿ ಅದು ಬೀಸಿ ಹೊಡೆಯುತ್ತೆ. ಇದನ್ನ ಕೇಳಿ ಅಪ್ಪ ನೆಲದ ಮೇಲೇ ಕೂತ್ರು. ಇಂಥವಳನ್ನ ಅಂಗಡೀಲಿ ಕೂರಿಸೋಕೆ ಹೊರಟಿದ್ನಲ್ಲ ಅಂತ ಕಣ್ಣೊರೆಸ್ಕೊಂಡ್ರು. ನಂಗಂತೂ ವಯಸ್ಸು ನೋಡ್ದೆ ಅವಳ ಕಾಲಿಗೆ ಬೀಳ್ಬೇಕು ಅನ್ನಿಸ್ತು. ಅಷ್ಟು ಜನ ಕಾಯ್ತಿದ್ರೂ ವಾಪಸ್ ಬರೋ ಧೈರ್ಯ ಹಾರೋ ಧೈರ್ಯಕ್ಕಿಂತ ದೊಡ್ಡದು.

ವೈರು ಹಾಕಿ ಪರೀಕ್ಷೆ ಮಾಡ್ದೆ. ಸ್ಪೀಡು ಎಷ್ಟು ಇಳೀಬೇಕೋ ಅಷ್ಟೇ ಇಳೀತು. ಹುಡುಗಿ ಹಾರಿದ್ಳು. ಅಪ್ಪ ವಿಡಿಯೋ ಮಾಡೋದನ್ನೇ ಮರೆತು ಹಾರ ಎದೆಗೆ ಒತ್ಕೊಂಡು ನಿಂತಿದ್ರು.

ಅತ್ತೆ ಮೆಲ್ಲಗೆ ನನ್ನ ಕೈ ಹಿಡ್ಕೊಂಡ್ರು. "ನಿಮ್ಮ ಮಾವ ಕಾಶಿಯಿಂದ ದಿನಾ ಫೋನ್ ಮಾಡೋರು ಕಣಮ್ಮ. ಹಾಲು ತಗೊಂಡ್ಯಾ, ಗ್ಯಾಸ್ ಆರಿಸಿದ್ಯಾ ಅಂತ. ಅದಕ್ಕೇ ಮನೆ ಸ್ಪೀಡು ಇಳೀಲಿಲ್ಲ. ಅವರು ಆಫೇ ಆಗಿರ್ಲಿಲ್ಲ." ಅವರ ಕಣ್ಣು ತುಂಬಿತ್ತು, ನಂದೂ.

ಪಕ್ಕದಲ್ಲಿ ಮಾವ ಬಾಯಿ ತೆರೆದು ಆಕಾಶ ನೋಡ್ತಿದ್ರು. ವಿಮಾನ ಚುಕ್ಕಿಯಷ್ಟಾಗೋ ತನಕ ಕಣ್ಣು ಕದಲಿಸ್ಲಿಲ್ಲ. ಆಮೇಲೆ ಅತ್ತೆ ಕಡೆ ತಿರುಗಿ ಕೇಳಿದ್ರು:

"ಲೇ, ಮನೆ ಮೋಟ್ರು ಆಫ್ ಮಾಡಿ ಬಂದ್ಯಾ?"